ಕಣ್ಣಿಗೆ ಕಾಣದ ಕಾವಲುಗಾರ



ಆಯುಧಪೂಜೆಯ ಹಿಂದಿನ ದಿನ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ. ವರ್ಷವಿಡೀ ಕಿವಿಗಡಚಿಕ್ಕುವಂತೆ ಸದ್ದು ಮಾಡುವ ವಿದ್ಯುತ್ ಮಗ್ಗಗಳನ್ನು ಅಂದು ನಿಲ್ಲಿಸಿ, ದೂಳು ಕೊಡವಿ, ಎಣ್ಣೆ ಬಿಟ್ಟು ಸಜ್ಜುಗೊಳಿಸುತ್ತಾರೆ. ನೆಲಮಂಗಲದ ರೈತ ಟ್ರ್ಯಾಕ್ಟರನ್ನು ತೊಳೆಯುತ್ತಾನೆ. ಹೊಸಕೋಟೆಯ ಗ್ಯಾರೇಜಿನ ಹುಡುಗ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುತ್ತಾನೆ. ಪೊಲೀಸ್ ಠಾಣೆಯ ಆಯುಧಗಾರದಲ್ಲಿ ಬಂದೂಕು ಪಿಸ್ತೂಲುಗಳೂ ಶುಚಿಗೊಂಡು ಕುಂಕುಮ ಹೂವುಗಳಿಗೆ ಸಿದ್ಧವಾಗುತ್ತವೆ. ಕೊಡಗಿನಲ್ಲಿ ಇದೇ ಕೆಲಸ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ನಡೆಯುತ್ತದೆ. ಅಲ್ಲಿ ಕೋವಿಗೆ ತೋಕ್ ಪೂವನ್ನು ಸಿಕ್ಕಿಸಿ ಪೂಜಿಸುತ್ತಾರೆ.

ಹೀಗೆ ಆಯುಧವನ್ನು ಒರೆಸುವುದು ನಮಗೆ ಹಬ್ಬದಷ್ಟೇ ಹಳೆಯ ಸಂಗತಿ. ಆದರೆ ಒರೆಸುವುದಕ್ಕೂ ಪರೀಕ್ಷಿಸುವುದಕ್ಕೂ ವ್ಯತ್ಯಾಸವಿದೆ. ಹೊಳೆಯುವ ಆಯುಧವೆಲ್ಲ ಸುರಕ್ಷಿತ ಆಯುಧವಲ್ಲ. ಪಿಸ್ತೂಲಿನೊಳಗೆ ಕಣ್ಣಿಗೆ ಕಾಣದಂತೆ ಕುಳಿತಿರುವ ಒಂದು ಪುಟ್ಟ ಕಾವಲುಗಾರನ ವಿಷಯವನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಅವನು ಎಚ್ಚರವಾಗಿದ್ದಾನೆಯೇ, ನಿದ್ದೆ ಹೋಗಿದ್ದಾನೆಯೇ ಎಂಬುದನ್ನು ಶುಚಿಗೊಳಿಸುವ ಹೊತ್ತಿನಲ್ಲಿಯೇ ನೋಡಬೇಕು.

ಇದನ್ನು ನಮಗೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ನಮ್ಮ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಇಪ್ಪತ್ತೊಂದು ವರ್ಷ ತುಂಬದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ನಿಮ್ಮಲ್ಲಿ ಅನೇಕರು ಎನ್.ಸಿ.ಸಿ. ಕೆಡೆಟ್‌ಗಳು; ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲನ್ನು ಹಿಡಿಯುತ್ತೀರಿ. ಕೆಲವರ ಮನೆಯಲ್ಲಿ ಬೆಳೆ ಕಾಯಲು ಅಜ್ಜನ ಕಾಲದಿಂದ ಬಂದ ಪರವಾನಗಿ ಬಂದೂಕು ಇರಬಹುದು. ನಾಳೆ ಕೆಲವರು ಪೊಲೀಸ್ ಇಲಾಖೆಗೋ ಸೇನೆಗೋ ಸೇರುವಿರಿ. ಎಲ್ಲಕ್ಕಿಂತ ಮಿಗಿಲಾಗಿ, ಈ ಕಾವಲುಗಾರನ ಪಾಠ ಪಿಸ್ತೂಲಿಗೆ ಮಾತ್ರ ಸೇರಿದ್ದಲ್ಲ.

ಮೊದಲು ದೇವನಹಳ್ಳಿ ಕೋಟೆಯ ಕಾಲಕ್ಕೆ ಹೋಗೋಣ. ಟಿಪ್ಪು ಸುಲ್ತಾನ್ ಹುಟ್ಟಿದ ಊರು ಅದು. ಆ ಕಾಲದ ಬಂದೂಕುಗಳು ಚಕಮಕಿ ಕಲ್ಲಿನವು. ಶ್ರೀರಂಗಪಟ್ಟಣದಲ್ಲಿ ತಯಾರಾದ, ಹುಲಿಯ ಮುಖ ಕೆತ್ತಿದ ಅಂಥ ಬಂದೂಕು ಪಿಸ್ತೂಲುಗಳು 1799ರ ನಂತರ ಬ್ರಿಟನ್ನಿಗೆ ಸಾಗಿ, ಇಂದಿಗೂ ಅಲ್ಲಿನ ಸಂಗ್ರಹಾಲಯಗಳಲ್ಲಿವೆ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ ಒಂದು ಕೊಕ್ಕೆ. ಕನ್ನಡದಲ್ಲಿ ಅದಕ್ಕೆ ಕುದುರೆ ಎನ್ನುತ್ತಿದ್ದರು. ಕುದುರೆಯನ್ನು ಪೂರ್ತಿ ಹಿಂದಕ್ಕೆಳೆದು ಬಿಟ್ಟರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುತ್ತದೆ. ಅರ್ಧಕ್ಕೆಳೆದರೆ ಒಳಗಿನ ಒಂದು ಆಳವಾದ ಗಾಡಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಆಗ ಎಷ್ಟು ಎಳೆದರೂ ಗುಂಡು ಹಾರಬಾರದು. ಸೈನಿಕನು ಮದ್ದು ತುಂಬುತ್ತಿದ್ದುದು ಈ ಅರ್ಧಸ್ಥಿತಿಯಲ್ಲಿಯೇ.

ಆ ಗಾಡಿಯೇ ಅಂದಿನ ಒಳಗಿನ ಕಾವಲುಗಾರ. ಅದರ ಅಂಚು ಸವೆದರೆ, ಇಲ್ಲವೆ ಚಕ್ಕೆ ಎದ್ದರೆ, ಮದ್ದು ತುಂಬುತ್ತಿರುವಾಗಲೇ ಕುದುರೆ ಜಾರಿ ಬಂದೂಕು ಸಿಡಿಯುತ್ತಿತ್ತು. ಸಿದ್ಧತೆ ಮುಗಿಯುವ ಮೊದಲೇ ದುಡುಕುವವನನ್ನು ಕುರಿತು ಅರ್ಧ ಕುದುರೆಗೇ ಹಾರಿದ ಎಂಬ ಅರ್ಥದ ನುಡಿಗಟ್ಟು ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿದೆ. ಹೊರಗಿನಿಂದ ನೋಡಿದರೆ ಬಂದೂಕು ಚೆನ್ನಾಗಿಯೇ ಇರುತ್ತಿತ್ತು. ಬೀಗವನ್ನು ಬಿಚ್ಚಿ ಗಾಡಿಯನ್ನು ನೋಡಿದವನಿಗೆ ಮಾತ್ರ ಸತ್ಯ ತಿಳಿಯುತ್ತಿತ್ತು.

ಈಗ ಇಂದಿನ ಪಿಸ್ತೂಲಿಗೆ ಬರೋಣ. ಇದರಲ್ಲಿ ತೋಟಾದ ಹಿಂಭಾಗಕ್ಕೆ ಕುಟ್ಟಿ ಅದನ್ನು ಸಿಡಿಸುವುದು ಫೈರಿಂಗ್ ಪಿನ್ ಎಂಬ ಉಕ್ಕಿನ ಸಣ್ಣ ಕಡ್ಡಿ. ನಿಮ್ಮ ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ. ಗುಂಡು ತುಂಬಿದ ಪಿಸ್ತೂಲು ಸೊಂಟಪಟ್ಟಿಯಿಂದಲೋ ಮೇಜಿನಿಂದಲೋ ಜಾರಿ, ನಳಿಗೆಯ ಬಾಯಿ ಕೆಳಗಾಗಿ ನೆಲಕ್ಕೆ ಬಿತ್ತು ಎನ್ನಿ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 5.4 ಮೀಟರ್ ವೇಗದಲ್ಲಿರುತ್ತದೆ. ಅಂದರೆ ಗಂಟೆಗೆ ಹತ್ತೊಂಬತ್ತು ಕಿಲೋಮೀಟರಿಗೂ ಮೇಲೆ. ಪಿಸ್ತೂಲು ಥಟ್ಟನೆ ನಿಲ್ಲುತ್ತದೆ. ಒಳಗಿನ ಪಿನ್ ನಿಲ್ಲುವುದಿಲ್ಲ. ಬಸ್ಸಿಗೆ ಬ್ರೇಕ್ ಬಿದ್ದಾಗ ನೀವು ಮುಂದಕ್ಕೆ ಮುಗ್ಗರಿಸುವುದಿಲ್ಲವೆ? ನ್ಯೂಟನ್ನನ ಮೊದಲನೆಯ ನಿಯಮ ಪಿನ್ನಿಗೂ ಅನ್ವಯಿಸುತ್ತದೆ. ಅದನ್ನು ಹಿಂದಕ್ಕೆ ಹಿಡಿದಿರುವುದು ಒಂದು ತೆಳು ಸ್ಪ್ರಿಂಗ್ ಮಾತ್ರವಾಗಿದ್ದು, ಆ ಸ್ಪ್ರಿಂಗ್ ದುರ್ಬಲವಾಗಿದ್ದರೆ, ಟ್ರಿಗರನ್ನು ಯಾರೂ ಮುಟ್ಟದಿದ್ದರೂ ಗುಂಡು ಹಾರುವ ಸಾಧ್ಯತೆ ಇದೆ.

ಈ ಅಪಾಯಕ್ಕೆ ಕಂಡುಕೊಂಡ ಪರಿಹಾರವೇ ಪಿನ್ ತಡೆ. ಒಂದು ಪುಟ್ಟ ಗೂಟವನ್ನು ಸ್ಪ್ರಿಂಗು ಪಿನ್ನಿನ ಕಚ್ಚಿನೊಳಕ್ಕೆ ಒತ್ತಿ ಹಿಡಿದಿರುತ್ತದೆ. ಬಾಗಿಲಿಗೆ ಹಾಕಿದ ಅಗುಳಿಯಂತೆ ಅದು ಪಿನ್ನನ್ನು ಮುಂದೆ ಹೋಗಗೊಡುವುದಿಲ್ಲ. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ಒಂದು ಸನ್ನೆ ಗೂಟವನ್ನು ಸರಿಸಿ ದಾರಿ ಬಿಡುತ್ತದೆ. ಅಮೆರಿಕದ ಕೋಲ್ಟ್ ಕಂಪನಿ 1930ರ ದಶಕದ ಕೊನೆಯಲ್ಲಿಯೇ ಇಂಥ ಒಂದು ತಡೆಯನ್ನು ತಂದಿತ್ತು. ಬೇರೆ ವಿನ್ಯಾಸದಲ್ಲಿ 1983ರಲ್ಲಿ ಮತ್ತೆ ತಂದಿತು. ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲಿನಲ್ಲಿ ಅದು ಮೊದಲಿನಿಂದಲೂ ಇದೆ. ನಮ್ಮ ಸೇನೆ ಮತ್ತು ಪೊಲೀಸರು ಬಹುಕಾಲದಿಂದ ಬಳಸುತ್ತ ಬಂದಿರುವ, ಪಶ್ಚಿಮ ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ 9 ಮಿಲಿಮೀಟರ್ ಪಿಸ್ತೂಲು, 1935ರ ಬ್ರೌನಿಂಗ್ ಮಾದರಿಯಿಂದ ಬಂದದ್ದು. ಆ ಹಳೆಯ ವಿನ್ಯಾಸದಲ್ಲಿ ಈ ಗೂಟವಿಲ್ಲ. ಅದರ ಬದಲು ಬೇರೊಂದು ಒಳತಡೆ ಇದೆ: ಮ್ಯಾಗಜೀನನ್ನು ತೆಗೆದರೆ ಟ್ರಿಗರ್ ಕೆಲಸ ಮಾಡುವುದಿಲ್ಲ.

ಇಲ್ಲಿಯೇ ಒಂದು ಅಪಾಯಕರವಾದ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಅಂಥ ಪಿಸ್ತೂಲಿಗೆ ಒಗ್ಗಿದವರು, ಮ್ಯಾಗಜೀನ್ ತೆಗೆದ ಮೇಲೆ ಯಾವ ಪಿಸ್ತೂಲೂ ಹಾರುವುದಿಲ್ಲ ಎಂದು ನಂಬಿಬಿಡುತ್ತಾರೆ. ಅನೇಕ ಪಿಸ್ತೂಲುಗಳಲ್ಲಿ ಆ ತಡೆ ಇರುವುದೇ ಇಲ್ಲ. ಮ್ಯಾಗಜೀನ್ ಕೈಯಲ್ಲಿದ್ದರೂ ನಳಿಗೆಯ ಹಿಂದಿನ ಗುಂಡುಕೋಣೆಯಲ್ಲಿ ಒಂದು ತೋಟಾ ಉಳಿದಿರುತ್ತದೆ. ಒಂದು ಸಾಕಲ್ಲವೆ?

ಆದ್ದರಿಂದ ಶುಚಿಗೊಳಿಸುವ ಕೆಲಸ ಎಣ್ಣೆ ಚಿಂದಿಗಳಿಂದ ಆರಂಭವಾಗುವುದಿಲ್ಲ, ಖಾಲಿ ಮಾಡುವುದರಿಂದ ಆರಂಭವಾಗುತ್ತದೆ. ಇದರ ಕ್ರಮ ಬಹಳ ಮುಖ್ಯ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಮೊದಲು ಮ್ಯಾಗಜೀನನ್ನು ತೆಗೆಯಬೇಕು. ಅನಂತರ ಸ್ಲೈಡನ್ನು ಹಿಂದಕ್ಕೆಳೆದು ಕೋಣೆಯ ತೋಟಾವನ್ನು ಹೊರಹಾಕಬೇಕು. ಇದನ್ನು ಹಿಂದುಮುಂದು ಮಾಡಿದರೆ ಏನಾಗುತ್ತದೆ? ಮೊದಲು ಸ್ಲೈಡ್ ಎಳೆದರೆ ಒಂದು ತೋಟಾ ಹೊರಬೀಳುತ್ತದೆ, ನೋಡುವವನಿಗೆ ಸಮಾಧಾನವಾಗುತ್ತದೆ. ಆದರೆ ಸ್ಲೈಡ್ ಮುಂದಕ್ಕೆ ಬರುವಾಗ ಮ್ಯಾಗಜೀನಿನಿಂದ ಮತ್ತೊಂದನ್ನು ಕೋಣೆಗೆ ತಳ್ಳಿರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೂ ಆ ತೋಟಾ ಅಲ್ಲಿಯೇ ಇರುತ್ತದೆ. ಮಾಡಿದ ಕೆಲಸಗಳು ಎರಡೂ ಸರಿ, ಕ್ರಮ ಮಾತ್ರ ತಪ್ಪು. ಅಷ್ಟಕ್ಕೇ ಒಂದು ಜೀವ ಹೋಗಬಹುದು. ಆದ್ದರಿಂದಲೇ ಕೋಣೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಂಡು, ತೋಟಾಗಳನ್ನೆಲ್ಲ ಆ ಕೋಣೆಯಿಂದಲೇ ಹೊರಗಿಡುತ್ತಾರೆ. ಎನ್.ಸಿ.ಸಿ. ಕವಾಯತಿನಲ್ಲಿ 'ನಿರೀಕ್ಷಣ್ ಕೇ ಲಿಯೇ ಬಾಯೇಂ ಶಸ್ತ್ರ್' ಎಂಬ ಆಜ್ಞೆಯನ್ನು ನೀವು ಕೇಳಿರಬಹುದು. ಅದು ಬರಿಯ ಶಿಸ್ತಿನ ಪ್ರದರ್ಶನವಲ್ಲ. ಈ ಖಾತ್ರಿಯನ್ನೇ ಮೈಗೂಡಿಸುವ ಅಭ್ಯಾಸ.

ಇಷ್ಟಾದ ಮೇಲೆ ಕಾವಲುಗಾರನ ಪರೀಕ್ಷೆ. ತರಬೇತಿ ಪಡೆದ ಆಯುಧಗಾರನು ಪಿಸ್ತೂಲನ್ನು ಬಿಚ್ಚಿ, ಸ್ಲೈಡನ್ನು ಕೈಯಲ್ಲಿ ಹಿಡಿದು, ಪಿನ್ನಿನ ಹಿಂತುದಿಯನ್ನು ಮುಂದಕ್ಕೆ ಒತ್ತಿ ನೋಡುತ್ತಾನೆ. ತಡೆ ಸರಿಯಾಗಿದ್ದರೆ ಪಿನ್ನಿನ ಮುಂತುದಿ ಹೊರಗೆ ಇಣುಕಬಾರದು. ಇಣುಕಲಿಲ್ಲ. ಪರೀಕ್ಷೆ ಮುಗಿಯಿತೆ? ಇಲ್ಲ. ಈಗ ಗೂಟವನ್ನು ಬೆರಳಿನಿಂದ ಒತ್ತಿ ಹಿಡಿದು ಪಿನ್ನನ್ನು ಮತ್ತೆ ತಳ್ಳುತ್ತಾನೆ. ಈ ಸಲ ತುದಿ ಹೊರಗೆ ಬರಲೇಬೇಕು. ಬೆರಳು ತೆಗೆದೊಡನೆ ಗೂಟ ತಾನಾಗಿ ಪುಟಿದು ಸ್ವಸ್ಥಾನಕ್ಕೆ ಮರಳಬೇಕು.

ಎರಡನೆಯ ಪರೀಕ್ಷೆ ಏಕೆ ಬೇಕು ಎಂಬುದನ್ನು ಸ್ವಲ್ಪ ಯೋಚಿಸಿ. ಹಳೆಯ ಎಣ್ಣೆ, ದೂಳು, ಮದ್ದಿನ ಮಸಿ ಸೇರಿ ಪಿನ್ನೇ ತನ್ನ ಕೊಳವೆಯಲ್ಲಿ ಅಂಟಿಕೊಂಡಿದ್ದರೆ, ಮೊದಲ ಪರೀಕ್ಷೆಯಲ್ಲಿ ಅದು ಹೇಗೂ ಮುಂದೆ ಬರುವುದಿಲ್ಲ. ನೋಡಿದವನು ತಡೆ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾನೆ. ನಿಜವಾಗಿ ತಡೆದದ್ದು ಕಾವಲುಗಾರನಲ್ಲ, ಕೊಳೆ! ನಾಳೆ ಆ ಕೊಳೆ ಸಡಿಲವಾದರೆ ತಡೆಯುವವರು ಯಾರೂ ಇಲ್ಲ. ಬಾಗಿಲು ತೆರೆಯಲಿಲ್ಲ ಎಂದಮಾತ್ರಕ್ಕೆ ಅಗುಳಿ ಹಾಕಿದೆ ಎಂದು ಹೇಳಲಾಗದು. ಮಳೆಗಾಲದಲ್ಲಿ ಮರ ಉಬ್ಬಿ ಕಚ್ಚಿಕೊಂಡಿರಲೂಬಹುದು. ಅಗುಳಿ ತೆಗೆದಾಗ ಬಾಗಿಲು ತೆರೆದರೆ ಮಾತ್ರ ಅದನ್ನು ಮುಚ್ಚಿಟ್ಟದ್ದು ಅಗುಳಿಯೇ ಎಂದು ಸಿದ್ಧವಾಗುತ್ತದೆ. ನಿಮ್ಮ ಪ್ರಯೋಗಶಾಲೆಯಲ್ಲಿಯೂ ಒಳ್ಳೆಯ ಪ್ರಯೋಗಕ್ಕೆ ಇದೇ ಲಕ್ಷಣ.

ಕಾವಲುಗಾರನನ್ನು ಮಲಗಿಸುವ ಶತ್ರುಗಳು ಯಾರು? ತುಕ್ಕು ಮತ್ತು ದೂಳು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಬ್ಬದ ಉತ್ಸಾಹದಲ್ಲಿ ಧಾರಾಳವಾಗಿ ಸುರಿದ ಎಣ್ಣೆಯೂ ಶತ್ರುವೇ. ಪಿನ್ನಿನ ಕೊಳವೆಯಲ್ಲಿ ನಿಂತ ಎಣ್ಣೆ ದೂಳನ್ನು ಹಿಡಿದು ಅಂಟಾಗುತ್ತದೆ. ಒಮ್ಮೆ ಸರಿದ ಗೂಟ ಹಿಂದಿರುಗದೆ ಅಲ್ಲಿಯೇ ನಿಂತುಬಿಡಬಹುದು. ಇನ್ನೊಂದು ಶತ್ರು ಮರೆವು. ಬಿಚ್ಚಿದವನು ಜೋಡಿಸುವಾಗ ಸಾಸಿವೆಯಷ್ಟು ಚಿಕ್ಕ ಸ್ಪ್ರಿಂಗನ್ನು ಬಿಟ್ಟರೂ ಪಿಸ್ತೂಲು ಮೊದಲಿನಂತೆಯೇ ಕಾಣುತ್ತದೆ, ಮೊದಲಿನಂತೆಯೇ ಗುಂಡು ಹಾರಿಸಬಹುದು. ಕಾವಲು ಮಾತ್ರ ಇರುವುದಿಲ್ಲ. ಆದ್ದರಿಂದ ಜೋಡಿಸಿದ ಮೇಲೆ ಖಾಲಿ ಪಿಸ್ತೂಲಿನಲ್ಲಿ ಹೊರಗಿನ ಸೇಫ್ಟಿ, ಟ್ರಿಗರ್ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿಯೇ ಆಯುಧಗಾರದೊಳಗೆ ಇಡುತ್ತಾರೆ. ತಡೆ ಸಂಶಯಾಸ್ಪದವಾಗಿದ್ದರೆ ಆ ಪಿಸ್ತೂಲು ದುರಸ್ತಿಗೆ ಹೋಗಬೇಕೇ ಹೊರತು ಸೊಂಟಕ್ಕಲ್ಲ.

ಮಿತ್ರರೇ, ಯಂತ್ರದ ಕೆಲಸ ಕೆಟ್ಟರೆ ಅದು ಕೂಡಲೇ ತಿಳಿಯುತ್ತದೆ. ಯಂತ್ರದ ಕಾವಲು ಕೆಟ್ಟರೆ ತಿಳಿಯುವುದು ಅಪಘಾತವಾದ ಮೇಲೆ. ದೊಡ್ಡಬಳ್ಳಾಪುರದ ನೇಕಾರರನ್ನು ಕೇಳಿ: ಹೊಕ್ಕಿನ ನೂಲು ಕಡಿದಾಗ ಮಗ್ಗವನ್ನು ನಿಲ್ಲಿಸುವ ಕವಲುಕಡ್ಡಿ ಕೆಲಸ ಮಾಡದಿದ್ದರೆ, ಮಗ್ಗ ಏನೂ ಆಗದಂತೆ ಓಡುತ್ತಲೇ ಇರುತ್ತದೆ, ಬಟ್ಟೆ ಕೆಟ್ಟ ಮೇಲೆ ಗೊತ್ತಾಗುತ್ತದೆ. ನಿಮ್ಮ ಮನೆಯ ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಹಾಗೆಯೇ. ವಿದ್ಯುತ್ ಸೋರಿಕೆಯಾದರೆ ಸಂಪರ್ಕ ಕಡಿಯುವ ಸ್ವಿಚ್ಚಿನ ಮೇಲೆ ಟೆಸ್ಟ್ ಎಂಬ ಗುಂಡಿ ಇರುತ್ತದೆ. ಅದು ಅಲಂಕಾರಕ್ಕಲ್ಲ, ಆಗಾಗ ಒತ್ತಿ ನೋಡಲೆಂದೇ ಇಟ್ಟದ್ದು. ನಿಮ್ಮ ಮನೆಯಲ್ಲಿ ಅದನ್ನು ಕೊನೆಯ ಸಲ ಒತ್ತಿದ್ದು ಯಾವಾಗ? ಇಂದು ಹಿರಿಯರನ್ನು ಕೇಳಿ ನೋಡಿ.

ಈಗ ನಾನು ಹೇಳಿದ ಪಿಸ್ತೂಲಿನ ಪರೀಕ್ಷೆಯನ್ನು ನೀವು ಮಾಡಿ ನೋಡಬೇಕೆಂದು ಯಾರೂ ಭಾವಿಸಬಾರದು. ಅದು ಕಲಿತವರ ಕೆಲಸ, ಕಲಿಸುವವರ ಎದುರಿನಲ್ಲಿ ಮಾಡುವ ಕೆಲಸ. ನಿಮ್ಮ ಪಾಲಿನ ಕರ್ತವ್ಯ ಬೇರೆ ಇದೆ. ಎಲ್ಲಿಯಾದರೂ ಬಂದೂಕು ಕಂಡರೆ ಅದು ತುಂಬಿದೆ ಎಂದೇ ತಿಳಿಯಿರಿ. ಖಾಲಿ ಇದೆ ಎಂದು ಯಾರಾದರೂ ಹೇಳಿದರೂ ಹಾಗೆಯೇ ತಿಳಿಯಿರಿ. ಮನೆಯಲ್ಲಿ ಹಿರಿಯರು ಬಂದೂಕು ಒರೆಸುತ್ತಿದ್ದರೆ ಅದರ ಬಾಯಿಯ ಎದುರು ಸುಳಿಯಬೇಡಿ, ತಮ್ಮ ತಂಗಿಯರನ್ನು ದೂರ ಕರೆದೊಯ್ಯಿರಿ, ಬಂದೂಕನ್ನೂ ತೋಟಾವನ್ನೂ ಬೇರೆ ಬೇರೆ ಬೀಗದಲ್ಲಿ ಇಡಲು ಹಿರಿಯರಿಗೆ ನೆನಪಿಸಿ. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು ಎಂಬುದೂ ತಿಳಿದಿರಲಿ.

ಎಷ್ಟೇ ಜಾಣ ತಡೆಯನ್ನು ಒಳಗಿಟ್ಟರೂ ಅದು ಎರಡನೆಯ ಕಾವಲುಗಾರ ಮಾತ್ರ. ಮೊದಲನೆಯವನು ಪಿಸ್ತೂಲು ಹಿಡಿದ ಮನುಷ್ಯ. ಅವನ ಬೆರಳು ಟ್ರಿಗರಿನಿಂದ ದೂರವಿರಬೇಕು, ನಳಿಗೆ ಮನುಷ್ಯರಿಂದ ದೂರವಿರಬೇಕು. ಮೊದಲನೆಯವನು ಒಂದು ಕ್ಷಣ ಮೈಮರೆತಾಗ ಕಾಪಾಡಲೆಂದು ಎರಡನೆಯವನಿದ್ದಾನೆ. ಮೊದಲನೆಯವನು ಎರಡನೆಯವನನ್ನೇ ನಂಬಿ ಮಲಗಿದರೆ ಕಾವಲೇ ಇರುವುದಿಲ್ಲ.

ಬರುವ ಆಯುಧಪೂಜೆಯಂದು ಸೈಕಲ್ಲಿಗೆ ಹೂ ಮುಡಿಸುವ ಮೊದಲು ಅದರ ಬ್ರೇಕನ್ನು ಒಮ್ಮೆ ಹಿಡಿದು ನೋಡಿ. ಚಕ್ರ ನಿಂತರೆ ಹೂ ಮುಡಿಸಿ.