ತೋನ್ಸೆಪಾರಿನ ಕಲ್ಲು ಕನ್ನಡದಲ್ಲಿ ಮಾತಾಡಲಿ

(ಕನ್ನಡ ಯುವಜನರ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಮಲ್ಪೆಗೆ ಹೋಗಿಬಂದವರು ಯಾರು ಎಂದು ಕೇಳಿದರೆ ಈ ಸಭೆಯಲ್ಲಿ ಅರ್ಧ ಜನ ಕೈ ಎತ್ತುತ್ತೀರಿ. ಅಲ್ಲಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೂ ಕಡಿಮೆಯಿಲ್ಲ. ಕಲ್ಲಿಗೆ ಒರಗಿ ಫೋಟೊ ತೆಗೆಸಿಕೊಂಡಿದ್ದೀರಿ. ಆ ಕಲ್ಲು ಯಾವುದು, ಅದರ ವಯಸ್ಸೆಷ್ಟು ಎಂದರೆ ಎತ್ತಿದ ಕೈಗಳೆಲ್ಲ ಕೆಳಗಿಳಿಯುತ್ತವೆ. ತಪ್ಪು ನಿಮ್ಮದಲ್ಲ. ಪಿಕ್ನಿಕ್ಕಿಗೆ ಕರೆದುಕೊಂಡು ಹೋದವರು ಹೇಳಲಿಲ್ಲ, ಅಷ್ಟೆ.

ಮಲ್ಪೆ ಬಂದರಿನಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ, ತೀರಕ್ಕೆ ಸಮಾನಾಂತರವಾಗಿ ಸಾಲುಗಟ್ಟಿ ಕೂತ ದ್ವೀಪಗಳು ಇವು. ಪ್ರವಾಸಿಗರು ಹೋಗುವುದು ತೆಂಗಿನ ಮರಗಳಿರುವ ಒಂದಕ್ಕೆ. ಕರಾವಳಿಯವರ ಬಾಯಲ್ಲಿ ಅದು ತೋನ್ಸೆಪಾರು. ಉದ್ದ ಸುಮಾರು 500 ಮೀಟರು, ಅಗಲ 100 ಮೀಟರು. ನಮ್ಮ ಕಬ್ಬನ್ ಪಾರ್ಕಿನ ಒಂದು ಮೂಲೆಯಲ್ಲಿ ಇಟ್ಟುಬಿಡಬಹುದು. ಜನವಸತಿ ಇಲ್ಲ. ಬೆಳ್ಳಕ್ಕಿ, ಗರುಡ, ಕಾಗೆಗಳದೇ ಸಂಸಾರ. ದಂಡೆಯ ಮೇಲೆ ಮರಳಿಗಿಂತ ಚಿಪ್ಪುಗಳೇ ಹೆಚ್ಚು.

ಈಗ ಕಲ್ಲಿಗೆ ಬನ್ನಿ. ಒಂದರ ಪಕ್ಕ ಒಂದು ಒತ್ತಿ ನಿಲ್ಲಿಸಿದ ಕಂಬಗಳು. ಬಹಳಷ್ಟಕ್ಕೆ ಆರು ಮುಖ, ಕೆಲವಕ್ಕೆ ಐದು, ಏಳು. ಶಿಲ್ಪಿ ಯಾರೂ ಇಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿ ಕೆಸರು ಒಣಗಿದಾಗ ನೆಲ ಬಿರುಕು ಬಿಟ್ಟು ಚೌಕ ಚೌಕವಾಗುವುದನ್ನು ನೋಡಿಲ್ಲವೆ? ಹಾಗೆಯೇ ಇದು. ಭೂಮಿಯ ಒಡಲಿನಿಂದ ಉಕ್ಕಿದ ಲಾವಾ ಹೊರಗೆ ಬಂದು ತಣ್ಣಗಾಗುತ್ತ ಕುಗ್ಗುತ್ತದೆ, ಕುಗ್ಗುತ್ತ ಬಿರಿಯುತ್ತದೆ. ಬಿರುಕು ಮೇಲಿನಿಂದ ಒಳಗಿಳಿಯುತ್ತ ಹೋದಂತೆ ಕಂಬಗಳಾಗುತ್ತವೆ. ಬಹಳ ಕಡೆ ಇದನ್ನು ಬಸಾಲ್ಟ್ ಎಂದು ಬರೆದಿರುತ್ತಾರೆ. ಭೂವಿಜ್ಞಾನಿಗಳು ಹೇಳುವುದು ಬೇರೆ: ಸಿಲಿಕಾ ಹೆಚ್ಚಿರುವ ರಯೊಲೈಟ್, ಡೇಸೈಟ್ ಜಾತಿಯ ಶಿಲೆ. ಬಸಾಲ್ಟ್ ನೋಡಬೇಕಾದರೆ ಬಿಜಾಪುರಕ್ಕೆ ಹೋಗಿ, ಗೋಲಗುಮ್ಮಟವನ್ನೇ ಅದರಲ್ಲಿ ಕಟ್ಟಿದ್ದಾರೆ.

ಆ ಬಿಜಾಪುರದ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಳೆಯದು. ತೋನ್ಸೆಪಾರಿನದು ಅದಕ್ಕೂ ಹಿರಿಯ, ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಆಗ ನಮ್ಮ ಈ ನೆಲ ಮಡಗಾಸ್ಕರಿಗೆ ಅಂಟಿಕೊಂಡಿತ್ತು. ಅವೆರಡೂ ಸೀಳಿಕೊಂಡು ದೂರ ಸರಿಯುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಅದೇ ಕಾಲದ ಅಗ್ನಿಶಿಲೆ ಮಡಗಾಸ್ಕರಿನಲ್ಲೂ ಸಿಗುತ್ತದೆ. ಭೂಖಂಡ ಒಡೆದ ಗಾಯದ ಗುರುತಿನ ಮೇಲೆ ಕೂತು ನಾವು ಚಿಪ್ಸ್ ತಿನ್ನುತ್ತಿದ್ದೇವೆ, ಸ್ವಾಮಿ!

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅದೇ ಪಟ್ಟಿಯಲ್ಲಿ ನಿಮ್ಮ ಲಾಲ್‌ಬಾಗಿನ ಬಂಡೆಯೂ ಇದೆ. ಅದಕ್ಕೆ ಸುಮಾರು 300 ಕೋಟಿ ವರ್ಷ. ಬೆಳಗಿನ ವಾಕಿಂಗಿಗೆ ಅದನ್ನೇ ತುಳಿಯುತ್ತೀರಿ.

ಇನ್ನು ಹೆಸರಿನ ವಿಚಾರ. ವಾಸ್ಕೋ ಡ ಗಾಮ ಕೇರಳಕ್ಕೆ ಹೋಗುವ ಮೊದಲು ಇಲ್ಲಿ ಇಳಿದ ಎಂದು ಕಥೆ ಹೇಳುತ್ತಾರೆ. ಅವನ ಹಡಗಿನ ದಿನಚರಿ ಹೇಳುವುದು ಉಲ್ಟಾ. ಕಲ್ಲಿಕೋಟೆಯಲ್ಲಿ ಝಾಮೊರಿನ್ ಜೊತೆ ವ್ಯಾಪಾರ ಸರಿಹೋಗದೆ ವಾಪಸು ಹೊರಟವನು, 1498ರ ಸೆಪ್ಟೆಂಬರಿನಲ್ಲಿ ದಾರಿಯಲ್ಲಿ ಸಿಕ್ಕ ದ್ವೀಪವೊಂದರಲ್ಲಿ ತನ್ನ ರಾಜನ ಆಜ್ಞೆಯಂತೆ ಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟ. ಆ ದ್ವೀಪ ಇದೇ ಎಂದು ಗುರುತಿಸುತ್ತಾರೆ. ಅವನು ನೆಟ್ಟ ಕಂಬ ಇಂದು ಇಲ್ಲ, ಭೂಮಿ ನೆಟ್ಟ ಕಂಬಗಳು ನಿಂತಿವೆ. ಈ ತೀರವೇನೂ ಅವನಿಗಾಗಿ ಕಾದು ಕೂತಿರಲಿಲ್ಲ. ಅವನಿಗೆ ನೂರೈವತ್ತು ವರ್ಷ ಮೊದಲೇ ಇಬ್ನ್ ಬತೂತ ಪಕ್ಕದ ಬಾರಕೂರಿಗೆ ಬಂದು, ಫಾಕನೂರ್ ಎಂದು ಬರೆದುಕೊಂಡು ಹೋಗಿದ್ದ. ಮಲ್ಪೆಗೆ ಹತ್ತಿರದ ದರಿಯಾ ಬಹಾದ್ದೂರ್‌ಗಡದಲ್ಲಿ ಬಿದನೂರು ನಾಯಕರು ಕೋಟೆ ಕಟ್ಟಿದ್ದರು. ಅದರ ಹೆಸರು ಕೇಳಿದವರು ಎಷ್ಟು ಮಂದಿ?

ಗಾಮ ಇಲ್ಲಿಂದ ಹೊರಟು ನಿಂತದ್ದು ಕಾರವಾರದ ಎದುರಿನ ಅಂಜದೀವದಲ್ಲಿ. ಪೋರ್ಚುಗೀಸರ ಕೈಲಿದ್ದ ಅದನ್ನು 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ಪ್ರಾಣ ಕೊಟ್ಟು ಬಿಡಿಸಿತು. ಕಾರವಾರದ ಕಣ್ಣೆದುರಿಗಿದ್ದರೂ ಆಡಳಿತದಲ್ಲಿ ಅದು ಗೋವಾದ್ದು. ಅದರ ಕಥೆಗೇ ಬೇರೊಂದು ಭಾಷಣ ಬೇಕು.

ಮೇರಿ ಮಾತೆಯ ಹೆಸರಿನ ಮೇಲೆ ನಮಗೆ ಜಗಳವಿಲ್ಲ. ಐನೂರು ವರ್ಷದ ಹೆಸರೂ ಚರಿತ್ರೆಯೇ. ಅದನ್ನು ಒರೆಸಿ ಹಾಕಿ ಎನ್ನುವವರ ಜೊತೆ ನಾನಿಲ್ಲ. ಆದರೆ ಮಲ್ಪೆಯ ಮೊಗವೀರರು ಬಲೆ ಹಾಕುವಾಗ ದಿಕ್ಕು ಗುರುತಿಗೆ ನೋಡುತ್ತ ಬಂದ ದ್ವೀಪಕ್ಕೆ ಅವರ ಬಾಯಿಯ ಹೆಸರು ಯಾಕೆ ಎರಡನೇ ದರ್ಜೆಯದಾಗಬೇಕು? ಈ ಪ್ರಶ್ನೆ ಈಗಲೇ ಕೇಳಬೇಕು. ಯಾಕೆಂದರೆ 2025ರಲ್ಲಿ ಈ ದ್ವೀಪಸಮೂಹ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು, ಸೇಂಟ್ ಮೇರೀಸ್ ಎಂಬ ಹೆಸರಿನಲ್ಲೇ. ಇಂಥದೇ ಕಂಬಗಳಿರುವ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ 1986ರಲ್ಲೇ ಪೂರ್ಣ ಪಟ್ಟಿ ಸೇರಿದೆ. ನಾಳೆ ನಮ್ಮದಕ್ಕೂ ಆ ಪಟ್ಟ ಸಿಕ್ಕರೆ ಫಲಕಗಳು ಏಳುತ್ತವೆ, ಗೈಡುಗಳು ಬರುತ್ತಾರೆ, ಪುಸ್ತಕ ಅಚ್ಚಾಗುತ್ತದೆ. ಅದರಲ್ಲಿ ತೋನ್ಸೆಪಾರು ಎಂಬ ಹೆಸರಿರಬೇಕು. ಕಲ್ಲಿನ ಕಥೆ ಕನ್ನಡದಲ್ಲಿ, ತುಳುವಿನಲ್ಲಿ ಇರಬೇಕು, ಇಂಗ್ಲಿಷಿನ ಕಾಲ ಕೆಳಗೆ ಸಣ್ಣಕ್ಷರದಲ್ಲಲ್ಲ. ಕೆರೆಯ ಕೆಸರಿನ ಬಿರುಕನ್ನು ತೋರಿಸಿ ಹೇಳಿದರೆ ಏಳನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ವಿಜ್ಞಾನ ಇದು. ಗೈಡಿನ ಕೆಲಸ ಮಲ್ಪೆಯ ಹುಡುಗರಿಗೇ ಸಿಗಬೇಕು. ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಇಲಾಖೆಗೆ ನಿಮ್ಮ ನಿಮ್ಮ ಕಾಲೇಜಿನಿಂದ ಪತ್ರ ಹೋಗಲಿ, ಕನ್ನಡದಲ್ಲೇ ಹೋಗಲಿ.

ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ದೋಣಿ ಇಲ್ಲ. ಚಿಪ್ಪು ತುಂಬಿಕೊಂಡು ಬರಬೇಡಿ, ಬಾಟಲಿ ಬಿಟ್ಟು ಬರಬೇಡಿ, ಕಂಬಗಳ ಮೇಲೆ ಪ್ರೇಯಸಿಯ ಹೆಸರು ಕೆತ್ತಬೇಡಿ. ಅಲೆ ಬಡಿಯುವ ಬಂಡೆಗಳು ಬಹಳ ಜಾರುತ್ತವೆ. 2022ರ ಏಪ್ರಿಲಿನಲ್ಲಿ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳು ಅಲ್ಲೇ ನೀರುಪಾಲಾದರು. ಕಾವಲಿನವರು ಸೀಟಿ ಊದಿದರೆ ಹಿಂದೆ ಬನ್ನಿ.