ಹಿಡಿದ ಹಣ ಜಮಾ ಆಗಲಿ
(ಪುಣೆಯಲ್ಲಿ ಸಂಘದ ಸಂಜೆ ತರಗತಿಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಉಳಿದುದನ್ನು ಹೋಟೆಲು ಕಲಿಸಿತು. ಈಗ ನಮ್ಮ ಹುಡುಗರು ಹಿಂಜವಡಿಯ ಕಂಪನಿಗಳಲ್ಲಿ ಜಾವಾ ಬರೆಯುತ್ತಾರೆ. ಸಂಘದ ಕಷ್ಟನಿಧಿಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಬೇಕೆಂದಿದ್ದೇವೆ. ಆದುದರಿಂದ ಅವರಿಂದ ಕೇಳಿ ತಿಳಿದುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಗಿರಾಕಿ ಅಡಿಗೆಮನೆಗೆ ನುಗ್ಗುವುದಿಲ್ಲ. ಮಾಣಿಗೆ ಹೇಳುತ್ತಾನೆ, ಮಾಣಿ ಒಳಗೆ ಕೂಗುತ್ತಾನೆ, ಭಟ್ಟರು ಮಾಡಿಕೊಡುತ್ತಾರೆ. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಹೊರಗಿನ ಕೋರಿಕೆಯನ್ನು ತೆಗೆದುಕೊಳ್ಳುವ ಮಾಣಿಯೇ 'ರೆಸ್ಟ್' ಪದ್ಧತಿಯ ರಿಸೋರ್ಸ್. ಈ ಪದ್ಧತಿಯನ್ನು 2000ದಲ್ಲಿ ರಾಯ್ ಫೀಲ್ಡಿಂಗ್ ಎಂಬವರು ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಒಳಗೆ ವ್ಯವಹಾರ ನಡೆಸುವ ಭಟ್ಟರೇ ಎಂಟರ್‌ಪ್ರೈಸ್ ಜಾವಾ ಬೀನ್. ಮೊದಲು ಇವರಿಬ್ಬರನ್ನು ಕೂಡಿಸುವ ತಾಪತ್ರಯವೆಲ್ಲ ಬರೆಯುವವನ ತಲೆಗೆ. 2009ರ ಡಿಸೆಂಬರಿನಲ್ಲಿ ಬಂದ ಜಾವಾ ಇಇ 6ರಲ್ಲಿ ದಾರಿ ಸಲೀಸಾಯಿತು. ಸ್ಟೇಟ್‌ಲೆಸ್ ಅಥವಾ ಸಿಂಗಲ್‌ಟನ್ ಬೀನಿನ ಮೇಲೆ 'ಪಾತ್' ಎಂಬ ಗುರುತು ಹಾಕಿದರೆ ಆ ಬೀನೇ ರಿಸೋರ್ಸ್. ಸಣ್ಣ ಚಹಾ ಅಂಗಡಿಯಲ್ಲಿ ಕೇಳುವವನೂ ಮಾಡುವವನೂ ಒಬ್ಬನೇ ಇರುವಂತೆ. ಇಂದು ಜಾವಾ ಇಇಯ ಹೆಸರು ಜಕಾರ್ತಾ ಇಇ ಎಂದಾಗಿದೆ, ಕ್ರಮ ಅದೇ.

ಇದರಿಂದ ನಮಗೇನು ಲಾಭ? ಹಿಂದೆ ನಾನಿದ್ದ ಒಂದು ಹೋಟೆಲಿನಲ್ಲಿ ಹತ್ತು ತಿಂಗಳು ಸಂಬಳದಿಂದ ಫಂಡಿನ ಹಣ ಹಿಡಿದರು. ಪುಸ್ತಕ ತೆಗೆಸಿದರೆ ಜಮಾ ಇಲ್ಲ! "ಬರೆಯುವುದು ಮರೆಯಿತು" ಎಂದರು. ಬೀನಿನ ಕೆಲಸ ಸಾಮಾನ್ಯವಾಗಿ ಟ್ರಾನ್ಸಾಕ್ಷನ್ನಿನೊಳಗೆ ನಡೆಯುತ್ತದೆ. ಹಿಡಿಯುವುದು, ಜಮಾ ಮಾಡುವುದು, ಆದರೆ ಎರಡೂ ಆಗಬೇಕು. ನಡುವೆ ಯಂತ್ರ ಕೆಟ್ಟರೆ ಎರಡೂ ಇಲ್ಲ.

ಆದರೆ ಮೂರು ಎಚ್ಚರಿಕೆ ಬೇಕು. ಒಂದು, ನಾವೇ ಮೊದಲೇ ಸಾರಿ ಹೇಳಿದ ಬಗೆಯ ಎಕ್ಸೆಪ್ಷನ್ ಬಂದರೆ ಕಂಟೇನರು ತಾನಾಗಿ ಲೆಕ್ಕವನ್ನು ಹಿಂದೆಗೆಯುವುದಿಲ್ಲ; 'ರೋಲ್‌ಬ್ಯಾಕ್' ಎಂದು ಸ್ಪಷ್ಟವಾಗಿ ಬರೆದಿರಬೇಕು. ಎರಡು, ಸಿಂಗಲ್‌ಟನ್ ಎಂದರೆ ಒಬ್ಬನೇ ಭಟ್ಟ. ಬೇರೆ ಹೇಳದಿದ್ದರೆ ಒಂದು ಸಲಕ್ಕೆ ಒಬ್ಬರ ಕೆಲಸ. ಸಂಬಳದ ದಿನ ಸಾಲು ಬೆಳೆಯುತ್ತದೆ. ಮೂರು, ಸಿಗ್ನಲ್ ಹೋಯಿತೆಂದು ಗುಂಡಿಯನ್ನು ಎರಡು ಸಲ ಒತ್ತಿದರೆ 'ಪೋಸ್ಟ್' ಎರಡು ವಂತಿಗೆ ಬರೆದೀತು. ರಸೀದಿ ನಂಬರು ಹಾಕಿ 'ಪುಟ್' ಕಳಿಸಿದರೆ ಎಷ್ಟು ಒತ್ತಿದರೂ ಲೆಕ್ಕ ಒಂದೇ.

ಇಷ್ಟಾದರೂ ಯಂತ್ರಕ್ಕೆ ನಿಯತ್ತೆಂಬುದಿಲ್ಲ, ಬರೆದುದನ್ನಷ್ಟೇ ಕಾಯುತ್ತದೆ. ಬರೆಯುವವನನ್ನು ಕಾಯುವವರು ನಾವು. ಹಣ ಕೊಟ್ಟವನು ರಸೀದಿ ಕೇಳಿ ಪಡೆಯಲಿ, ತಿಂಗಳಿಗೊಮ್ಮೆ ತನ್ನ ಲೆಕ್ಕ ನೋಡಲಿ. ನಮ್ಮ ಬೆವರಿನ ಒಂದು ರೂಪಾಯಿಯೂ ದಾರಿಯಲ್ಲಿ ಕಳೆಯಬಾರದು.