ಸರಹದ್ದು ಅಳಿದ ವರ್ಷ: ಜಮಖಂಡಿ ಸೀಮೆಯ 1948

1948ರ ಮಾರ್ಚ್ 8ಕ್ಕೆ ಮೊದಲು ಬನಹಟ್ಟಿಯ ನೇಕಾರ ನೆರೆಯ ರಬಕವಿಗೆ ಹೊರಟರೆ ಒಂದು ಸಂಸ್ಥಾನದ ಸರಹದ್ದು ದಾಟಿ ಇನ್ನೊಂದರ ನೆಲಕ್ಕೆ ಕಾಲಿಡುತ್ತಿದ್ದ. ಬನಹಟ್ಟಿ ಜಮಖಂಡಿಯ ಪಟವರ್ಧನರದು; ರಬಕವಿ, ತೇರದಾಳ ಸಾಂಗಲಿಯ ಪಟವರ್ಧನರವು. ಘಟಪ್ರಭೆಯ ದಂಡೆಯ ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. ಪೂರ್ವಕ್ಕೆ ಸರಿದರೆ ಬೀಳಗಿ, ವಿಜಾಪುರ ಜಿಲ್ಲೆಯ ಭಾಗ, ಜನ ಖಾಲಸಾ ಎನ್ನುತ್ತಿದ್ದ ಮುಂಬಯಿ ಸರಕಾರದ ಮುಲುಕು. ಒಂದೇ ಕೃಷ್ಣೆಯ ಸೀಮೆ, ಒಂದೇ ಜೋಳದ ಎರೆಹೊಲ, ಒಂದೇ ಕನ್ನಡ. ಕಂದಾಯ ಕಟ್ಟುವ ಕಚೇರಿ, ದೂರು ಒಯ್ಯುವ ಬಾಗಿಲು, ಕೈಮುಗಿಯಬೇಕಾದ ದೊರೆ ಮಾತ್ರ ನಾಲ್ಕು ಬಗೆ.

ಜಮಖಂಡಿ ಸಂಸ್ಥಾನದ ವಿಸ್ತಾರ 524 ಚದರ ಮೈಲಿ; 1901ರ ಜನಗಣತಿಯಲ್ಲಿ ಅದರ ಜನಸಂಖ್ಯೆ 1,05,357. ಮುಧೋಳದ್ದು 368 ಚದರ ಮೈಲಿ, 63,001 ಜನ. ಇಷ್ಟೇ ಇಷ್ಟು ನೆಲವೂ ಒಂದೆಡೆ ಕೂಡಿರಲಿಲ್ಲ. ಎಷ್ಟೋ ದೂರದ, ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳ ಜಮಖಂಡಿಗೆ ಸೇರಿತ್ತು. ಸವಾಯಿ ಗಂಧರ್ವರು ಹುಟ್ಟಿದ ಊರು ಅದು. ಹಾಗೆ ನೋಡಿದರೆ ಕಿರಾಣಾ ಘರಾಣೆಯ ಆ ಮಹಾ ಗಾಯಕರೂ ಹುಟ್ಟಿನಿಂದ ಜಮಖಂಡಿ ಸಂಸ್ಥಾನದ ಪ್ರಜೆ.

ಇಂಥ ಚೂರುಚೂರು ಭೂಪಟ 1947ರ ಆಗಸ್ಟ್ 15ರ ಬಳಿಕವೂ ಹಾಗೆಯೇ ಉಳಿದಿತ್ತು. ಬೀಳಗಿಯಲ್ಲಿ ತ್ರಿವರ್ಣ ಧ್ವಜ ಏರಿದಾಗ ಮುಧೋಳದಲ್ಲಿ ರಾಜಮನೆತನ ಗದ್ದುಗೆಯ ಮೇಲೆಯೇ ಇತ್ತು. ದಖ್ಖನಿನ ಎಂಟು ರಾಜರು ತಮ್ಮತಮ್ಮಲ್ಲೇ ಕೂಡಿ ಒಂದು ಸಂಯುಕ್ತ ಸಂಸ್ಥಾನ ಕಟ್ಟಲು ಹೊರಟಿದ್ದರು. ಸಾಂಗಲಿಯೂ ಅದರಲ್ಲಿತ್ತು. ಆ ಒಕ್ಕೂಟ ನಿಂತಿದ್ದರೆ ರಬಕವಿ, ತೇರದಾಳದ ಕನ್ನಡಿಗರು ಮರಾಠಿ ಪ್ರಧಾನವಾದ ರಾಜ್ಯವೊಂದರ ಅಂಚಿನಲ್ಲಿ ಉಳಿದುಬಿಡುತ್ತಿದ್ದರು. ಅದು ನಿಲ್ಲಲಿಲ್ಲ ಎಂಬುದು ಈ ಸೀಮೆಯ ಸುದೈವ.

ಜನವರಿ 30ರ ಸಂಜೆ ದಿಲ್ಲಿಯಲ್ಲಿ ಗಾಂಧೀಜಿಯ ಹತ್ಯೆಯಾಯಿತು. ಹಂತಕ ಮಹಾರಾಷ್ಟ್ರದ ಬ್ರಾಹ್ಮಣ ಎಂದು ಗೊತ್ತಾದದ್ದೇ ತಡ, ಸಾತಾರಾ, ಸಾಂಗಲಿ, ಕೊಲ್ಹಾಪುರಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಕೊಲೆಯಲ್ಲಿ ಯಾವ ಪಾಲೂ ಇಲ್ಲದ ಕುಟುಂಬಗಳು ಬೀದಿಗೆ ಬಂದವು. ಈ ಅಧ್ಯಾಯವನ್ನು ವಿಲೀನದ ಕಥೆ ಹೇಳುವವರು ಹೆಚ್ಚಾಗಿ ಬಿಟ್ಟು ಮುಂದೆ ಹೋಗುತ್ತಾರೆ, ಬಿಡಬಾರದು. ಪಟವರ್ಧನರದು ಚಿತ್ಪಾವನ ಮನೆತನ. ತಮ್ಮ ಪುಟ್ಟ ಪೊಲೀಸ್ ಬಲದಿಂದ ಪ್ರಜೆಗಳ ಪ್ರಾಣ ಮಾನ ಕಾಯುವುದು ಸಾಧ್ಯವೇ ಎಂಬ ಪ್ರಶ್ನೆ ದಖ್ಖನಿನ ಅರಮನೆಗಳಲ್ಲೆಲ್ಲ ಆ ಫೆಬ್ರವರಿಯಲ್ಲಿ ಎದ್ದು ನಿಂತಿತು. ದಿಲ್ಲಿಯಲ್ಲಿ ಸರದಾರ ಪಟೇಲರೂ ಅವರ ಕಾರ್ಯದರ್ಶಿ ವಿ. ಪಿ. ಮೆನನ್ನರೂ ಕಾಯುತ್ತ ಕೂರುವ ಪೈಕಿಯವರಾಗಿರಲಿಲ್ಲ. ಕೆಲವೇ ವಾರಗಳಲ್ಲಿ ವಿಲೀನ ಒಪ್ಪಂದಗಳಿಗೆ ಸಹಿ ಬಿತ್ತು.

ಆ ಹೊತ್ತಿಗೆ ಜಮಖಂಡಿಯ ಗದ್ದುಗೆಯಲ್ಲಿದ್ದವರು ಶಂಕರರಾವ್ ಪರಶುರಾಮರಾವ್ ಪಟವರ್ಧನರು, 1924ರಿಂದ ಆಳುತ್ತಿದ್ದವರು. ಆ ಮನೆತನದ ವಿದ್ಯಾಪ್ರೇಮಕ್ಕೆ ಪುಣೆಯಲ್ಲೂ ಕುರುಹಿದೆ. ಅಲ್ಲಿಯ ಸರ್ ಪರಶುರಾಮಭಾವು ಕಾಲೇಜು ಆ ಮನೆತನದ ದೇಣಿಗೆಯಿಂದ ಶಂಕರರಾಯರ ತಂದೆಯ ಹೆಸರು ಹೊತ್ತಿದೆ. ಅರಮನೆಯ ಮಾತು ಮರಾಠಿಯಾದರೂ 1937ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಜಮಖಂಡಿಯಲ್ಲಿ. ಸಂಸ್ಥಾನದ ನೆಲದಲ್ಲಿ ನಿಂತು ಕನ್ನಡಿಗರೆಲ್ಲರ ನಾಡನ್ನು ಕಲ್ಪಿಸಿಕೊಳ್ಳುವುದಕ್ಕೆ ಆ ಸಮ್ಮೇಳನ ಒಂದು ಚಪ್ಪರ ಹಾಕಿಕೊಟ್ಟಿತ್ತು.

ಚಪ್ಪರದ ಕೆಳಗೆ ಬೆಳೆದ ತಲೆಮಾರಿನಲ್ಲಿ ಎದ್ದು ಕಾಣುವ ಹೆಸರು ಬಸಪ್ಪ ದಾನಪ್ಪ ಜತ್ತಿ. ಸಾವಳಗಿಯ ಹುಡುಗ, ಜಮಖಂಡಿಯಲ್ಲಿ ಶಾಲೆ, ಕೊಲ್ಹಾಪುರದಲ್ಲಿ ಪದವಿ ಮತ್ತು ಕಾನೂನು. ಮರಳಿ ಬಂದು ಜಮಖಂಡಿಯಲ್ಲಿ ವಕೀಲಿ ಹಿಡಿದರು. 1940ರಲ್ಲಿ ಪುರಸಭೆಯ ಸದಸ್ಯ, 1945ರಲ್ಲಿ ಅಧ್ಯಕ್ಷ. ಜೊತೆಗೆ ಪ್ರಜಾ ಪರಿಷತ್ತಿನ ಕೆಲಸ, ಸಂಸ್ಥಾನದ ಶಾಸನಸಭೆಗೆ ಆಯ್ಕೆ, ಬಳಿಕ ಮಂತ್ರಿ. 1948ರ ಆರಂಭದಲ್ಲಿ ಅವರೇ ದಿವಾನರು. ರಾಜರ ಎದುರು ಪ್ರಜೆಗಳ ಪರವಾಗಿ ಮಾತಾಡುತ್ತ ಬಂದ ವಕೀಲ ರಾಜರ ಕೊನೆಯ ದಿವಾನರಾಗಿ, ಅವರೊಡನೆ ಕುಳಿತು ಸಂಸ್ಥಾನವನ್ನು ಭಾರತಕ್ಕೆ ಒಪ್ಪಿಸುವ ಮಾತುಕತೆ ನಡೆಸಿದರು. ರಾಮದುರ್ಗದಲ್ಲಿ 1939ರಲ್ಲಿ ಪ್ರಜಾಸಂಘದ ಹೋರಾಟ ರಕ್ತಪಾತದಲ್ಲಿ ಮುಗಿದದ್ದನ್ನು ನೆನೆದರೆ ಜಮಖಂಡಿಯ ಈ ಮೇಜಿನ ಮಾತುಕತೆಯ ಬೆಲೆ ತಿಳಿಯುತ್ತದೆ.

ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿ ಸೇರಿ ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು. ಕೊಲ್ಹಾಪುರ ಮಾತ್ರ ಮುಂದಿನ ವರ್ಷದ ಮಾರ್ಚ್ ತನಕ ಹೊರಗುಳಿಯಿತು. ದಿವಾನ ಜತ್ತಿ ಅಂದೇ ಮಾಜಿಯಾದರು. ಅವರು ಅಧಿಕಾರದ ಇನ್ನೊಂದು ಕುರ್ಚಿ ಹುಡುಕಲು ಮುಂಬಯಿಗೆ ಓಡಲಿಲ್ಲ. ಕರಿಕೋಟು ಹಾಕಿಕೊಂಡು ಮತ್ತೆ ವಕೀಲಿಗೆ ಹೋದರು. ಇಪ್ಪತ್ತು ತಿಂಗಳು ಅದೇ ಕೆಲಸ. ಆಮೇಲೆ ವಿಲೀನಗೊಂಡ ಸೀಮೆಯ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣವಾಯಿತು, ವಾರದೊಳಗೆ ಮುಖ್ಯಮಂತ್ರಿ ಬಿ. ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದರು. ಮುಂದೆ ಮೈಸೂರಿನ ಮುಖ್ಯಮಂತ್ರಿ, ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ. ಜತ್ತಿಯವರ ಬಗ್ಗೆ ಬರೆಯುವವರು ರಾಷ್ಟ್ರಪತಿ ಭವನದ ಆ ತಿಂಗಳುಗಳಲ್ಲೇ ಸುತ್ತುತ್ತಾರೆ. ಅವರ ಸ್ವಭಾವ ತಿಳಿಯಬೇಕಾದರೆ ಜಮಖಂಡಿ ಕೋರ್ಟಿನ ಆ ಇಪ್ಪತ್ತು ತಿಂಗಳು ಹೆಚ್ಚು ಹೇಳುತ್ತವೆ.

ಮುಧೋಳದ ಚಿತ್ರ ಬೇರೆ. ಅಲ್ಲಿಯ ರಾಜ ಭೈರವಸಿಂಗರಾವ್ ಘೋರ್ಪಡೆ ಇನ್ನೂ ಇಪ್ಪತ್ತು ತುಂಬದ ತರುಣ. 1937ರಲ್ಲಿ ಬಾಲಕನಾಗಿದ್ದಾಗಲೇ ಪಟ್ಟ ಬಂದಿತ್ತು. ಸ್ವತಃ ಆಳುವ ವಯಸ್ಸು ಬಂದದ್ದೇ ಆಳ್ವಿಕೆ ಮುಗಿಯಿತು. ಒಂಬತ್ತು ತೋಪುಗಳ ಗೌರವ ಪಡೆದಿದ್ದ ಮನೆತನ. ಬೇಟೆನಾಯಿಯ ತಳಿಗೆ ಊರಿನ ಹೆಸರು ತಂದುಕೊಟ್ಟ ಮಾಲೋಜಿರಾವ್ ಘೋರ್ಪಡೆ ಇವರ ತಂದೆ. ಆದರೆ ಮುಧೋಳದ ನೆನಪು ರಾಜರಲ್ಲಿಗೇ ನಿಲ್ಲುವುದಿಲ್ಲ. ರನ್ನ ಹುಟ್ಟಿದ್ದು ಇಲ್ಲಿ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷ್ ದಂಡಿಗೆ ಎದೆಯೊಡ್ಡಿದ ಹಲಗಲಿಯ ಬೇಡರು ಇದೇ ಸಂಸ್ಥಾನದ ಪ್ರಜೆಗಳು. ಅವರ ಮೇಲಿನ ಲಾವಣಿ ತೊಂಬತ್ತು ವರ್ಷ ಕಳೆದರೂ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ದೊರೆತನ ಹೋದ ವರ್ಷದಲ್ಲಿ ಊರಿಗೆ ಉಳಿದ ಆಸ್ತಿ ಇದು.

ರಬಕವಿ-ಬನಹಟ್ಟಿಯ ಮಗ್ಗದ ಕುಣಿಗಳಲ್ಲಿ ಆ ವರ್ಷದ ಚಿಂತೆ ನೂಲಿನದು. ಯುದ್ಧಕಾಲದಿಂದ ಬಟ್ಟೆಯ ಮೇಲಿದ್ದ ಸರಕಾರಿ ಹತೋಟಿಯನ್ನು 1948ರ ಜನವರಿಯಲ್ಲಿ ಸಡಿಲಿಸಿದರು. ವ್ಯಾಪಾರ ಮುಕ್ತವಾದರೆ ದರ ತಾನಾಗಿ ಇಳಿದೀತು ಎಂಬ ನಂಬಿಕೆ. ಇಳಿಯಲಿಲ್ಲ, ಗಿರಣಿಯ ಬಟ್ಟೆ, ನೂಲು ಎರಡೂ ಗಗನಕ್ಕೇರಿದವು, ಸರಕು ದಾಸ್ತಾನು ಕೋಣೆಗಳಿಗೆ ಸೇರಿತು. ಜುಲೈ ಕೊನೆಯ ಹೊತ್ತಿಗೆ ಸರಕಾರ ಮತ್ತೆ ಹತೋಟಿ ಹೇರಿತು. ಕೈಮಗ್ಗದವನು ಹಾಸಿಗೂ ಹೊಕ್ಕಿಗೂ ಗಿರಣಿಯ ನೂಲನ್ನೇ ನೆಚ್ಚಿದವನು. ನೂಲಿನ ದರ ಏರಿದಾಗ ಸಾಹುಕಾರನ ಸಾಲ ಬೆಳೆಯುತ್ತದೆ, ಲಾಳಿ ನಿಲ್ಲುತ್ತದೆ. ಎರಡು ಊರುಗಳ ನಡುವಿನ ಸಂಸ್ಥಾನದ ಗೆರೆ ಅಳಿಸಿಹೋದ ಅದೇ ವರ್ಷ, ದೂರದ ದಿಲ್ಲಿಯ ಒಂದು ಆಜ್ಞೆ ಮಗ್ಗದ ಮನೆಯ ಒಲೆಯವರೆಗೆ ಬರಬಲ್ಲದು ಎಂಬುದೂ ನೇಕಾರನಿಗೆ ಅರಿವಾಯಿತು. ಅಕ್ಕಪಕ್ಕದ ಆ ಎರಡು ಊರುಗಳು ಮುಂದೆ ಒಂದೇ ಪುರಸಭೆಯಾಗಿ, ಇದೀಗ ಜೋಡಿಹೆಸರಿನ ತಾಲ್ಲೂಕಾಗಿವೆ.

ಬೀಳಗಿಗೆ ವಿಲೀನದ ಸದ್ದಿಲ್ಲ. ಅದು ಮೊದಲಿನಿಂದಲೂ ಖಾಲಸಾ. ಆದರೆ 1948ರಲ್ಲಿ ದೇಶದ ಕಿವಿ ತುಂಬಿದ್ದ ಕಂಠವೊಂದು ಈ ಊರಿನದು. ಬೀಳಗಿಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಮುಂಬಯಿ ಸೇರಿದ ಅಮೀರಬಾಯಿ ಕರ್ನಾಟಕಿ ತನ್ನ ನಾಡಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ಹಾಡಿದಾಕೆ. ಅಕ್ಕ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಯಲ್ಲಿ ಹೆಸರಾದವರು. 1943ರ ‘ಕಿಸ್ಮತ್’ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಅನಿಲ್ ಬಿಸ್ವಾಸರ ಸಂಗೀತದಲ್ಲಿ ಅಮೀರಬಾಯಿ ಹಾಡಿದ ಗೀತೆಗಳು ಮನೆಮನೆಯ ಗ್ರಾಮೋಫೋನಿನಲ್ಲಿ ತಿರುಗಿದವು. ಅದಕ್ಕೂ ಮುನ್ನ 1940ರ ‘ನರಸಿ ಭಗತ್’ ಚಿತ್ರದಲ್ಲಿ ಗಾಂಧೀಜಿಗೆ ಪ್ರಿಯವಾದ ನರಸಿ ಮೆಹತಾರ ಭಜನೆಗೆ ದನಿಯಾಗಿದ್ದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿ. ಗಂಡಸರೇ ಹಾರ್ಮೋನಿಯಂ ಮುಂದೆ ಕೂತು ರಾಗ ಹೂಡುತ್ತಿದ್ದ ಉದ್ಯಮದಲ್ಲಿ ಬೀಳಗಿಯ ಹೆಣ್ಣುಮಗಳು ಆ ಜಾಗ ಹಿಡಿದದ್ದು ಸಣ್ಣ ಮಾತಲ್ಲ. ಮರುವರ್ಷ ‘ಮಹಲ್’, ‘ಬರಸಾತ್’ ಬಂದವು, ಲತಾ ಮಂಗೇಶಕರರ ಯುಗ ಶುರುವಾಯಿತು. ಅಮೀರಬಾಯಿಯ ತುಂಬು ಕಂಠದ ಬೇಡಿಕೆ ಇಳಿಯುತ್ತ ಹೋಯಿತು. ಗಳಿಸಿದ ಹಣದಲ್ಲಿ ವಿಜಾಪುರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಸ್ ಬಹುಕಾಲ ಆ ಹೆಸರನ್ನು ಊರವರ ನಾಲಗೆಯ ಮೇಲೆ ಉಳಿಸಿತು. ರಾಜರು, ದಿವಾನರ ಹೆಸರಿಗೆ ಸಿಗುವ ಜಾಗ ಈ ಹೆಸರಿಗೆ ಜಿಲ್ಲೆಯ ಚರಿತ್ರೆಯಲ್ಲಿ ಸಿಗಲೇಬೇಕು.

ಜಮಖಂಡಿಯ ಇನ್ನೊಬ್ಬ ಮಗ ಆ ವರ್ಷ ವಿಜಾಪುರ ಜಿಲ್ಲೆಯ ನಿಂಬಾಳದಲ್ಲಿದ್ದರು: ಗುರುದೇವ ರಾ. ದ. ರಾನಡೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿಯ ಪರಶುರಾಮಭಾವು ಶಾಲೆಯಲ್ಲಿ ಓದಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿ, ಕುಲಪತಿಯೂ ಆಗಿ ನಿವೃತ್ತರಾದವರು. ಕನ್ನಡ ಸಂತರ ಅನುಭಾವದ ಮೇಲೆ ಅವರು ಮಾಡಿದ ಕೆಲಸ ಅವರ ಕಾಲಾನಂತರ ಇಂಗ್ಲಿಷಿನಲ್ಲಿ ಪುಸ್ತಕವಾಯಿತು.

ಸಂಸ್ಥಾನಗಳು ಕರಗಿದವು, ಸರಿ; ಕರಗಿ ಸೇರಿದ್ದು ಮುಂಬಯಿಗೆ. ಕರ್ನಾಟಕ ಇನ್ನೂ ಕನಸು. ಜೂನ್ 17ರಂದು ಭಾಷಾವಾರು ಪ್ರಾಂತಗಳ ವಿಚಾರಕ್ಕೆ ಎಸ್. ಕೆ. ಧರ್ ಆಯೋಗ ರಚನೆಯಾದಾಗ ಕನ್ನಡಿಗರು ಆಸೆಯಿಂದ ಅಹವಾಲು ಹೊತ್ತು ಹೋದರು. ಸೆಪ್ಟೆಂಬರಿನಲ್ಲಿ ಐದು ದಿನದ ಪೊಲೀಸ್ ಕಾರ್ಯಾಚರಣೆ ಹೈದರಾಬಾದಿನ ನಿಜಾಮನನ್ನು ಮಣಿಸಿತು; ಪೂರ್ವದ ಗಡಿಯಾಚೆಯ ರಾಯಚೂರು, ಕಲಬುರ್ಗಿಯ ಬಂಧುಗಳು ರಜಾಕಾರರ ಭಯದಿಂದ ಬಿಡುಗಡೆಯಾದರು. ಏಕೀಕರಣಕ್ಕೆ ಇನ್ನೇನು ಅಡ್ಡಿ ಎಂದುಕೊಂಡವರಿಗೆ ಡಿಸೆಂಬರ್ 10ರ ಧರ್ ವರದಿ ತಣ್ಣೀರೆರಚಿತು: ಭಾಷೆಯೊಂದೇ ಆಧಾರದ ಪ್ರಾಂತ ಸದ್ಯಕ್ಕೆ ಬೇಡ. ಅದೇ ತಿಂಗಳು ಜಯಪುರದ ಕಾಂಗ್ರೆಸ್ ಅಧಿವೇಶನ ನೆಹರೂ, ಪಟೇಲ್, ಪಟ್ಟಾಭಿಯವರ ಇನ್ನೊಂದು ಸಮಿತಿ ನೇಮಿಸಿತು. ಜಮಖಂಡಿ, ಮುಧೋಳ ಮೈಸೂರು ರಾಜ್ಯ ಸೇರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ವರ್ಷ ಮುಗಿಯಲು ಮೂರು ದಿನವಿದ್ದಾಗ, ಡಿಸೆಂಬರ್ 28ರಂದು, ಮುಂಬಯಿಯ ಗೇಣಿ ಮತ್ತು ಕೃಷಿಭೂಮಿ ಕಾಯ್ದೆ ಜಾರಿಗೆ ಬಂತು. ಒಣಬೇಸಾಯದ ಹೊಲಕ್ಕೆ ಗೇಣಿ ಬೆಳೆಯ ಮೂರನೆಯ ಒಂದು ಪಾಲು ಮೀರಕೂಡದು, ನೀರಾವರಿಗೆ ನಾಲ್ಕನೆಯ ಒಂದು ಪಾಲು. ಇನಾಮು, ಜಹಗೀರುಗಳ ಈ ಸೀಮೆಯಲ್ಲಿ ಕೋರಿನ ರೈತನಿಗೆ ರಾಜರ ನಿರ್ಗಮನಕ್ಕಿಂತ ಈ ಲೆಕ್ಕವೇ ದೊಡ್ಡ ಸುದ್ದಿ. ಜಮಖಂಡಿಯ ವಕೀಲರ ಕಣ್ಣಿಗೂ ಅದು ಬಿದ್ದಿರಲೇಬೇಕು: ಏಕೀಕರಣದ ಬೆನ್ನಿಗೇ ಮೈಸೂರು ರಾಜ್ಯ ಭೂಸುಧಾರಣಾ ಸಮಿತಿ ನೇಮಿಸಿದಾಗ ಅದರ ಅಧ್ಯಕ್ಷರಾದವರು ಬಿ. ಡಿ. ಜತ್ತಿ. ಆ ಸಮಿತಿಯ ವರದಿ 1961ರ ಮೈಸೂರು ಭೂಸುಧಾರಣಾ ಕಾಯ್ದೆಗೆ ಬುನಾದಿಯಾಯಿತು, ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು.